ಕೇಸಿನ ನಂಬರು ಮನೆಯಲ್ಲಿರಲಿ

ಪ್ರೀತಿಯ ಮಗಳಿಗೆ,

ನೀನು ನನ್ನಿವಾಳದವಳೇ ಇರಬಹುದು, ಮೊಳಕಾಲ್ಮೂರು ಕಡೆಯ ಯಾವುದೋ ಹಟ್ಟಿಯವಳಿರಬಹುದು. ಚಳ್ಳಕೆರೆಯಲ್ಲಿ ಡಿಗ್ರಿ ಓದುತ್ತಿರಬಹುದು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರಬಹುದು. ಮನೆಯಲ್ಲಿ ಓದಿದವಳು ನೀನೊಬ್ಬಳೇ ಎಂದು ಹಿರಿಯರು ಟ್ರಂಕಿನ ತಳದಿಂದ ಕಾಗದದ ಕಂತೆ ತೆಗೆದು, "ಇದರಾಗೆ ಏನೈತೆ ನೋಡವ್ವ" ಅನ್ನುವ ದಿನ ಬಂದೇ ಬರುತ್ತದೆ. ಆ ದಿನಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೋರ್ಟಿನ ನಕಲು ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಸೀಮೆಯ ಜನ ಆ ವಿಭಾಗದ ಕಿಟಕಿಯ ಮುಂದೆ ಪಡುವ ಕಷ್ಟದಲ್ಲಿ ಬಹುಪಾಲು ಹುಟ್ಟುವುದು ಒಂದೇ ಕಾರಣದಿಂದ: ಅವರ ಬಳಿ ತಮ್ಮ ಕೇಸಿನ ನಂಬರು ಇರುವುದಿಲ್ಲ.

ನಮ್ಮದು ಕಟ್ಟೆಮನೆಯ ನಾಡು. ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ನನ್ನಿವಾಳದ ಹೆಸರು ದೊಡ್ಡದು. ಹಿರಿಯರು ಕೂತು ಹೇಳಿದ ನ್ಯಾಯಕ್ಕೆ ಅಲ್ಲಿ ಊರೇ ಸಾಕ್ಷಿ, ಜನರ ನೆನಪೇ ದಾಖಲೆ. ಕೋರ್ಟಿನಲ್ಲಿ ಹಾಗಲ್ಲ, ಬರೆದದ್ದಷ್ಟೇ ನಿಲ್ಲುತ್ತದೆ. ನಾವೋ ಕೋರ್ಟಿನ ಕೇಸನ್ನೂ ಕಟ್ಟೆಯ ನ್ಯಾಯದ ಹಾಗೆ ಬಾಯಲ್ಲೇ ಇಟ್ಟುಕೊಂಡು ಬಂದಿದ್ದೇವೆ. "ತಾತನ ಕಾಲದಾಗೆ ಕೇಸು ನಮ್ಮಂಗಾಯ್ತು" ಎನ್ನುತ್ತಾರೆ. ಯಾವ ಕೋರ್ಟು, ಯಾವ ಇಸವಿ, ಯಾವ ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ ಎಂದು ಕೇಳಿದರೆ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಖರ್ಚಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಗೆದ್ದ ಕಾಗದವನ್ನು ಮನೆಗೆ ತರದೆ ಸೋತವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಮೊದಲು, ಅದು ಯಾವ ಕೋರ್ಟು ಎಂದು ತಿಳಿದುಕೋ. ಊರಿನಲ್ಲಿ ಎಲ್ಲವನ್ನೂ ಕೋರ್ಟು ಅಂತಲೇ ಕರೆಯುತ್ತಾರೆ. ಭಾಗದ ದಾವೆ, ಬದು ಒತ್ತುವರಿ, ಸಾಲ ವಸೂಲಿ, ತಡೆಯಾಜ್ಞೆ ಇವೆಲ್ಲ ಸಿವಿಲ್ ನ್ಯಾಯಾಲಯದವು. ಚಳ್ಳಕೆರೆಯಲ್ಲೂ ಮೊಳಕಾಲ್ಮೂರಿನಲ್ಲೂ ಸಿವಿಲ್ ನ್ಯಾಯಾಲಯಗಳಿವೆ. ಹಳೆಯ ಕಾಗದದಲ್ಲಿ ಮುನ್ಸೀಫ್ ಕೋರ್ಟು ಎಂದು ಕಂಡರೆ ಗಾಬರಿಯಾಗಬೇಡ, ಇವತ್ತಿನ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಆಗ ಆ ಹೆಸರಿತ್ತು. ಮೇಲ್ಮನವಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಹೋಗಿರಬಹುದು, ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿರಬಹುದು. ಅದಕ್ಕೂ ಮೇಲೆ ಹೈಕೋರ್ಟು. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದೆ.

ಪಹಣಿ ತಿದ್ದುಪಡಿ, ಖಾತೆ ತಕರಾರು, ಪಿಟಿಸಿಎಲ್ ಕಾಯ್ದೆಯಡಿ ಪರಿಶಿಷ್ಟರ ಮಂಜೂರಾತಿ ಜಮೀನಿನ ಪ್ರಕರಣ ಇವು ಕಂದಾಯ ಇಲಾಖೆಯವು. ಇವುಗಳ ಕಡತ ತಹಸೀಲ್ದಾರರು, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿರುತ್ತದೆ. ತಾತ ಗೇಣಿಗೆ ಉಳುತ್ತಿದ್ದ ಹೊಲ ನಮ್ಮದಾದದ್ದು "ಡಿಕ್ಲರೇಷನ್"ನಿಂದ ಎಂದರೆ ಅದು ಭೂನ್ಯಾಯ ಮಂಡಳಿಯ ವಿಷಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ತಾಲ್ಲೂಕಿನ ಮಂಡಳಿ ಅದನ್ನು ತೀರ್ಮಾನಿಸಿತು. ಆ ಕಡತವನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹುಡುಕಬೇಕು. ಸಿವಿಲ್ ಕೋರ್ಟಿನ ಕಿಟಕಿಯಲ್ಲಿ ಎಷ್ಟು ದಿನ ನಿಂತರೂ ಅದು ಸಿಗದು.

ನಮ್ಮ ಗಡಿಯನ್ನೂ ನೆನಪಿಡು. ಜಮೀನಿನ ದಾವೆ ಜಮೀನು ಇರುವ ಸೀಮೆಯ ಕೋರ್ಟಿನಲ್ಲೇ ನಡೆಯಬೇಕು. ಮೊಳಕಾಲ್ಮೂರು ಮೈಸೂರು ಸಂಸ್ಥಾನದ ತಾಲ್ಲೂಕಾಗಿತ್ತು. ಪಕ್ಕದ ರಾಯದುರ್ಗ ಮದರಾಸು ಪ್ರಾಂತ್ಯದಲ್ಲಿತ್ತು, ಈಗ ಆಂಧ್ರದಲ್ಲಿದೆ. ಮದರಾಸಿನ ಕಡೆಯೇ ಇದ್ದ ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಜ್ಜಿಯ ತವರಿನ ಹೊಲ ಆ ಕಡೆಯದಾಗಿದ್ದರೆ ಕಡತವೂ ಆ ಕಡೆಯ ಕೋರ್ಟಿನಲ್ಲೇ ಇರುತ್ತದೆ. ಭಾಷೆ ತೆಲುಗೂ ಆಗಿರಬಹುದು, ಇಂಗ್ಲಿಷೂ ಆಗಿರಬಹುದು.

ಕೋರ್ಟು ಗೊತ್ತಾದ ಮೇಲೆ ನಂಬರು ಹುಡುಕು. ಸಮನ್ಸು, ವಕೀಲರ ಪತ್ರ, ಮಾಸಿದ ನೋಟೀಸು, ಯಾವುದರ ಮೂಲೆಯಲ್ಲಾದರೂ ಅದು ಇರುತ್ತದೆ. ಓ.ಎಸ್. ಎಂದರೆ ಮೂಲ ದಾವೆ, ಆರ್.ಎ. ಎಂದರೆ ಮೇಲ್ಮನವಿ, ಆರ್.ಎಸ್.ಎ. ಎಂದರೆ ಹೈಕೋರ್ಟಿನ ಎರಡನೇ ಮೇಲ್ಮನವಿ, ಎಫ್.ಡಿ.ಪಿ. ಎಂದರೆ ಅಂತಿಮ ಡಿಕ್ರಿಯ ಪ್ರಕರಣ, ಸಿ.ಸಿ. ಎಂದರೆ ಕ್ರಿಮಿನಲ್ ಕೇಸು. ಅಕ್ಷರದ ಮುಂದಿನದು ಕ್ರಮಸಂಖ್ಯೆ, ಗೆರೆಯ ಆಚೆಯದು ಇಸವಿ. ಮನೆಯಲ್ಲಿ ಏನೂ ಸಿಗದಿದ್ದರೆ ಪಹಣಿಯ 10 ಮತ್ತು 11ನೇ ಕಲಂ ನೋಡು, ಹಕ್ಕು ಹೇಗೆ ಬಂತು, ಅದರ ಮೇಲೆ ಏನು ತಕರಾರಿದೆ ಎಂಬ ಸುಳಿವು ಅಲ್ಲಿರುತ್ತದೆ. ಅಲ್ಲಿ ಕಾಣುವ ಎಂ.ಆರ್. ನಂಬರು ಹಿಡಿದು ಮ್ಯುಟೇಷನ್ ನಕಲು ತೆಗೆಸಿದರೆ ಕೋರ್ಟಿನ ಆದೇಶದ ಉಲ್ಲೇಖ ಸಿಗಬಹುದು. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರವೂ ಕೆಲವೊಮ್ಮೆ ದಾರಿ ತೋರಿಸುತ್ತದೆ.

ಈಗ ನಿನ್ನ ಕೈಯಲ್ಲಿ ಮೊಬೈಲ್ ಇದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಜಿಲ್ಲೆ, ಕೋರ್ಟು ಸಂಕೀರ್ಣ ಆರಿಸಿ, ಕೇಸಿನ ನಂಬರಿನಿಂದಲೋ ಪಕ್ಷಗಾರರ ಹೆಸರಿನಿಂದಲೋ ಹುಡುಕಬಹುದು. ಅಲ್ಲಿ ದಾಖಲಾದ ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಇದೆ. ಅದು ಸಿಕ್ಕರೆ ಬರೆದಿಟ್ಟುಕೋ, ಮುಂದೆ ಬೇರೇನೂ ನೆನಪಿಡಬೇಕಿಲ್ಲ. ಹೆಸರಿನಿಂದ ಹುಡುಕುವಾಗ ತಾಳ್ಮೆ ಬೇಕು. ನಮ್ಮ ಕಡೆ ತಿಪ್ಪೇಸ್ವಾಮಿ, ಓಬಯ್ಯ, ಬೋರಯ್ಯ, ಪಾಲಯ್ಯ ಎಂಬ ಹೆಸರು ಊರೂರಿಗೂ ಇವೆ, ಇಂಗ್ಲಿಷ್ ಅಕ್ಷರದಲ್ಲಿ ಒಬ್ಬ ಗುಮಾಸ್ತರು ಬರೆದಂತೆ ಇನ್ನೊಬ್ಬರು ಬರೆಯುವುದಿಲ್ಲ. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕು, ತಂದೆಯ ಹೆಸರು ಹೊಂದುತ್ತದೆಯೇ ನೋಡು, ಎದುರು ಪಕ್ಷದವರ ಹೆಸರಿನಿಂದಲೂ ಹುಡುಕು. ಮುಗಿದ ಕೇಸಾದರೆ ವಿಲೇವಾರಿಯಾದವುಗಳ ಪಟ್ಟಿಯನ್ನು ಆರಿಸಲು ಮರೆಯಬೇಡ. ಗಣಕೀಕರಣಕ್ಕೆ ಮೊದಲಿನ ಹಳೆಯ ಕೇಸುಗಳು ಅಲ್ಲಿ ಸಿಗದಿದ್ದರೆ ಕೇಸೇ ಇರಲಿಲ್ಲ ಎಂದುಕೊಳ್ಳಬೇಡ. ಅವು ಕೋರ್ಟಿನ ದಾವೆ ರಿಜಿಸ್ಟರಿನಲ್ಲಿರುತ್ತವೆ. ಅದನ್ನು ನೋಡಿಸಲು ಇಸವಿಯಾದರೂ ಅಂದಾಜು ಹೇಳಬೇಕಾಗುತ್ತದೆ. ಅದಕ್ಕಾಗಿ ಹಿರಿಯರನ್ನು "ಬರ ಬಿದ್ದ ವರ್ಷವಾ, ಚಿಕ್ಕಪ್ಪನ ಮದುವೆಗೆ ಮೊದಲಾ" ಎಂದು ಕೆದಕಿ ಕೇಳು. ಇಸವಿ ಮರೆತವರಿಗೂ ಇದು ಮರೆತಿರುವುದಿಲ್ಲ.

ಮೊಬೈಲಿನಲ್ಲಿ ಇಳಿಸಿಕೊಂಡ ತೀರ್ಪು ಓದುವುದಕ್ಕೆ ಸಾಕು. ಕಚೇರಿಗೆ, ಬ್ಯಾಂಕಿಗೆ, ಇನ್ನೊಂದು ಕೋರ್ಟಿಗೆ ಕೊಡಲು ದೃಢೀಕೃತ ನಕಲು ಬೇಕು. ಸಾರ್ವಜನಿಕ ದಾಖಲೆಯನ್ನು ನೋಡುವ ಹಕ್ಕಿದ್ದವರಿಗೆ ಅದರ ನಕಲನ್ನು ದೃಢೀಕರಿಸಿ ಕೊಡಬೇಕೆಂದು 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮಿನಲ್ಲೂ ಅದೇ ಮಾತಿದೆ. ಹಾಗಾಗಿ ಕಿಟಕಿಯ ಮುಂದೆ ಬಗ್ಗಿ ಬೇಡಬೇಡ. ಗೌರವದಿಂದ ಮಾತಾಡು, ಬರೆದು ಕೇಳು.

ಅರ್ಜಿಯಲ್ಲಿ ಕೋರ್ಟಿನ ಹೆಸರು, ಕೇಸಿನ ನಂಬರು, ಪಕ್ಷಗಾರರ ಹೆಸರು, ತೀರ್ಪಿನ ತಾರೀಖು, ಯಾವ ಯಾವ ಕಾಗದ ಬೇಕು, ಯಾತಕ್ಕೆ ಬೇಕು ಎಂದು ಬರೆದು ನಿಗದಿತ ಸ್ಟಾಂಪು ಹಚ್ಚಬೇಕು. ನೀನು ಪಕ್ಷಗಾರರಾಗಿದ್ದವರ ವಾರಸುದಾರಳಾದರೆ ಅದನ್ನು ಹೇಳು. ಕೇಸಿಗೆ ಸಂಬಂಧವಿಲ್ಲದ ಮೂರನೆಯವಳಾದರೆ ಕಾರಣ ತಿಳಿಸಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕಾಗುತ್ತದೆ, ಕೊಡಬೇಕೋ ಬೇಡವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಲೈಂಗಿಕ ದೌರ್ಜನ್ಯಕ್ಕೊಳಗಾದವರು, ಮಕ್ಕಳು, ಗಂಡ ಹೆಂಡಿರ ಜಗಳ ಇರುವ ಕಡತಗಳು ಎಲ್ಲರ ಕಣ್ಣಿಗಲ್ಲ. ಅಂಥ ಕಡತ ಕೈಗೆ ಸಿಕ್ಕರೂ ಊರಿನ ಬಾಯಿಗೆ ಹಾಕಬೇಡ.

ಬರೀ ತೀರ್ಪು ಕೇಳಿ ಬರಬೇಡ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಯಾರಿಗೆ ಏನು ಸಿಕ್ಕಿತೆಂಬುದು ಡಿಕ್ರಿಯಲ್ಲಿರುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಇರುವುದು ಷೆಡ್ಯೂಲಿನಲ್ಲಿ. ಕೋರ್ಟು ನೇಮಿಸಿದ ಕಮಿಷನರು ಹೊಲ ಅಳೆದಿದ್ದರೆ ಅವರ ವರದಿ ಮತ್ತು ನಕ್ಷೆ, ರಾಜಿಯಾಗಿದ್ದರೆ ರಾಜಿ ಅರ್ಜಿ ಇವೂ ಬೇಕು. ತಾತ ಸಾಕ್ಷ್ಯಕ್ಕಾಗಿ ಕ್ರಯಪತ್ರದ ಮೂಲವನ್ನೇ ಹಾಜರುಪಡಿಸಿದ್ದರೆ, ಕೇಸು ಮುಗಿದು ಮೇಲ್ಮನವಿಯ ಅವಧಿಯೂ ಕಳೆದ ಮೇಲೆ ಅದನ್ನು ವಾಪಸು ಕೇಳಬಹುದು. ಹೀಗೆ ಕೇಳದೆ ಬಿಟ್ಟ ಮೂಲಪತ್ರಗಳು ಎಷ್ಟೋ. ಇದನ್ನು ಮುಂದೂಡಬೇಡ. ಹಳೆಯ ಕಡತದಲ್ಲಿ ತೀರ್ಪು, ಡಿಕ್ರಿಯಂಥ ಮುಖ್ಯ ಕಾಗದ ಉಳಿಸಿ, ಉಳಿದವನ್ನು ಅವಧಿ ಮುಗಿದ ಮೇಲೆ ನಾಶಪಡಿಸುವ ನಿಯಮ ಕೋರ್ಟಿನಲ್ಲಿದೆ.

ನಕಲು ಕೈಗೆ ಬಂದಾಗ ಕೊನೆಯ ಪುಟ ನೋಡು. ಅರ್ಜಿ ಕೊಟ್ಟ ದಿನ, ಹಣ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಅಲ್ಲಿ ನಮೂದಾಗಿರುತ್ತವೆ. ಆ ತಾರೀಖುಗಳಿಗೆ ಬೆಲೆಯಿದೆ. ಜಿಲ್ಲೆಯೊಳಗಿನ ಸಿವಿಲ್ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ ಗಡುವು. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ನಕಲು ಪಡೆಯಲು ಬೇಕಾದ ಸಮಯವನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಅರ್ಜಿ ಹಾಕುವ ಮೊದಲು ನೀನು ಸುಮ್ಮನೆ ಕಳೆದ ದಿನಗಳಿಗೆ ಆ ರಿಯಾಯಿತಿ ಇಲ್ಲ. ಸೋತ ತೀರ್ಪು ಬಂದರೆ ಅಳುವುದನ್ನು ಆಮೇಲೆ ಇಟ್ಟುಕೊಂಡು ಅವತ್ತೇ ನಕಲಿಗೆ ಅರ್ಜಿ ಹಾಕಿಸು.

ಕಡತ ಇಲ್ಲ ಎಂದರೆ ಯಾಕಿಲ್ಲ ಎಂದು ಕೇಳು. ಮೇಲ್ಮನವಿಗಾಗಿ ಚಿತ್ರದುರ್ಗಕ್ಕೋ ಬೆಂಗಳೂರಿಗೋ ಹೋಗಿರಬಹುದು. ಹಾಗಿದ್ದರೆ ಅಲ್ಲಿನ ನಂಬರು ಕೇಳಿ ಅಲ್ಲಿ ಅರ್ಜಿ ಹಾಕು. ಉತ್ತರ ಯಾವುದೇ ಇರಲಿ, ಅದನ್ನು ಹಿಂಬರಹವಾಗಿ ಬರೆಸಿಕೋ. ಬಾಯಿ ಮಾತಿನ ಇಲ್ಲ ಎಂಬುದನ್ನು ಹಿಡಿದು ಮುಂದೆ ಎಲ್ಲಿಗೂ ಹೋಗಲಾಗದು, ಬರೆದ ಇಲ್ಲ ಇದ್ದರೆ ಮೇಲಿನವರ ಬಳಿಗೆ ಹೋಗಬಹುದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ಎಂದು ಕೆಲವರು ಹೇಳುತ್ತಾರೆ. ಕಂದಾಯ ಕಚೇರಿಯ ಕಡತಗಳಿಗೆ ಅದು ಒಳ್ಳೆಯ ದಾರಿ. ಕೋರ್ಟಿನ ಕೇಸಿನ ನಕಲಿಗೆ ಮಾತ್ರ ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕೆಂದು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ನಡುವೆ ಯಾರಾದರೂ ಬಂದು "ನಾನು ತೆಗೆಸಿಕೊಡ್ತೀನಿ" ಎಂದರೆ ಹಣ ಕೊಡಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ನಮ್ಮ ಸೀಮೆಯ ನಾಯಕ ಸಮುದಾಯದ ಮನೆಗಳೂ ಪರಿಶಿಷ್ಟ ಪಂಗಡದವೇ. 15100ಕ್ಕೆ ಫೋನು ಮಾಡಿದರೂ ಮಾರ್ಗದರ್ಶನ ಸಿಗುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಜೈಲು ಶಿಕ್ಷೆಯಾದವರಿಗಂತೂ ತೀರ್ಪಿನ ನಕಲನ್ನು ಕೋರ್ಟೇ ಪುಕ್ಕಟೆ ಕೊಡಬೇಕು.

ಕಾಗದ ಸಿಕ್ಕಿತೆಂದು ಮತ್ತೆ ಟ್ರಂಕಿನಲ್ಲಿಡಬೇಡ, ಓದು. ಭಾಗದ ದಾವೆಯಾಗಿದ್ದರೆ ಅದು ಪ್ರಾಥಮಿಕ ಡಿಕ್ರಿಯೋ ಅಂತಿಮ ಡಿಕ್ರಿಯೋ ನೋಡು. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ, ಹೊಲದಲ್ಲಿ ಕಲ್ಲು ನೆಡುವುದು ಅಂತಿಮ ಡಿಕ್ರಿಯಾದ ಮೇಲೆ. ಅಂತಿಮ ಡಿಕ್ರಿ ಕೇಳುವುದಕ್ಕೆ ಕಾಲಮಿತಿಯ ಅಡ್ಡಿ ಇಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಆದರೆ ಸ್ವಾಧೀನ ಕೊಡಿಸುವ ಡಿಕ್ರಿಯನ್ನು ಜಾರಿ ಮಾಡಿಸಲು 12 ವರ್ಷದ ಗಡುವಿದೆ. ಹೊಲದಲ್ಲಿ ಶೇಂಗಾ ಬಿತ್ತುತ್ತಿರುವವರು ಯಾರು, ಡಿಕ್ರಿಯಲ್ಲಿ ಹೆಸರಿರುವವರು ಯಾರು, ಪಹಣಿಯಲ್ಲಿ ಇರುವವರು ಯಾರು, ಈ ಮೂರನ್ನೂ ಒಟ್ಟಿಗಿಟ್ಟು ಹೋಲಿಸು. ಹೊಂದದಿದ್ದರೆ ಅವತ್ತೇ ವಕೀಲರನ್ನು ಕಾಣು.

ಇದು ಒಂದು ಮನೆಯ ಮಾತಷ್ಟೇ ಅಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಓಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಮಂಜೂರಾದದ್ದು ದನ ಕುರಿ ಮೇಯಿಸುವ ಅನೇಕರಿಗೆ ತಿಳಿದದ್ದು ಬೇಲಿ, ಗೋಡೆ ಏಳತೊಡಗಿದ ಮೇಲೆ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2013ರಲ್ಲಿ ಸತ್ಯಶೋಧನಾ ಸಮಿತಿ ನೇಮಕವಾಯಿತು, 2014ರ ಆಗಸ್ಟಿನಲ್ಲಿ ತೀರ್ಪು ಬಂತು. ಆ ತೀರ್ಪಿನಲ್ಲಿರುವುದು ನಮ್ಮ ಹುಲ್ಲುಗಾವಲಿನ ಕಥೆ. ಅದನ್ನು ನಮ್ಮ ಹಟ್ಟಿಯಲ್ಲಿ ಎಷ್ಟು ಜನ ಓದಿದ್ದೇವೆ? ಇಂಥ ತೀರ್ಪನ್ನು ತೆಗೆದು ಕನ್ನಡದಲ್ಲಿ ಹಿರಿಯರಿಗೆ ಓದಿ ಹೇಳುವುದು ನಿನ್ನ ಓದಿನಿಂದ ಊರಿಗೆ ಸಲ್ಲಬೇಕಾದ ಕೆಲಸ.

ಒಂದು ಗಟ್ಟಿ ರಟ್ಟಿನ ನೋಟುಬುಕ್ಕು ತಗೋ. ಮನೆಯ ಪ್ರತಿ ಸರ್ವೆ ನಂಬರಿಗೂ ಒಂದು ಪುಟ ಬಿಡು. ಕೋರ್ಟಿನ ಹೆಸರು, ಕೇಸಿನ ನಂಬರು, ಸಿಎನ್ಆರ್, ತೀರ್ಪಿನ ತಾರೀಖು, ನಕಲು ಎಲ್ಲಿದೆ ಎಂಬುದು, ಇಷ್ಟನ್ನು ಬರೆ. ಮೂಲ ಕಾಗದವನ್ನು ಯಾರ ಕೈಗೂ ಬಿಡಬೇಡ, ಜೆರಾಕ್ಸ್ ಕೊಡು. ನಿನ್ನ ಮನೆಯದು ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿಯ ಕಂತೆಯನ್ನೂ ಬಿಚ್ಚಿ ನೋಡು. ಈ ಬೇಸಿಗೆ ರಜೆಯಲ್ಲೇ ಶುರು ಮಾಡು. ಹಿರಿಯರ ನೆನಪು ಇನ್ನೂ ಗಟ್ಟಿಯಿರುವಾಗಲೇ ಕೇಳಿ ಬರೆದುಕೊಳ್ಳಬೇಕಾದದ್ದು ಬಹಳ ಇದೆ.

ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಹಿತ ಬಯಸುವ,
ಊರಿನ ಹಿರಿಯ