ಚಗಳಿ ಗೂಡು ತಂದರೆ ಸಾಲದು, ರಾಣಿ ಬೇಕು

ಮುಂಗಾರು ಹಿಡಿದ ಮೇಲೆ ರಾತ್ರಿ ಅಂಗಳದ ಲೈಟಿನ ಕೆಳಗೆ ರೆಕ್ಕೆಹುಳ ಬೀಳೋದು ನಮಗೆಲ್ಲ ಗೊತ್ತು. ಬೆಳಿಗ್ಗೆ ಕಸಬರಿಗೆ ಹಿಡಿದು ಗುಡಿಸಿ ಚೆಲ್ತೀವಿ. ಆ ಕಸದಾಗ ಹಸಿರು ಛಾಯೆಯ, ದಪ್ಪ ಹೊಟ್ಟೆಯ ದೊಡ್ಡ ಇರುವೆ ಕಂಡರೆ ಈ ಸಲ ಚೆಲ್ಲಬೇಡಿ. ಅದು ಚಗಳಿ ರಾಣಿ ಇರಬಹುದು. ಮಾವಿನ ತೋಟಕ್ಕೆ ಕಾವಲು ಕೂಡ್ರಿಸುವ ಕೆಲಸ ಅಲ್ಲಿಂದಲೇ ಶುರು.

ಚಗಳಿ ಅಂದರೆ ಎಲೆ ಹೊಲಿದು ಮರದ ಮೇಲೆ ಗೂಡು ಕಟ್ಟುವ ಕೆಂಪು ಇರುವೆ. ಕೆಲವರು ಕೆಂಜಿಗ ಅಂತಾರೆ. ಮಲೆನಾಡಿನವರು ಇದರ ಚಟ್ನಿ ಮಾಡ್ತಾರೆ. ಚೀನಾದಲ್ಲಿ ಕ್ರಿ.ಶ. 304ರ ಹೊತ್ತಿಗೇ ಕಿತ್ತಳೆ ಜಾತಿಯ ಗಿಡ ಕಾಯಲು ಈ ಇರುವೆ ಗೂಡುಗಳನ್ನು ಚೀಲದಲ್ಲಿ ತುಂಬಿ ಮಾರುತ್ತಿದ್ದರು ಎಂದು ದಾಖಲೆ ಇದೆ. ಆಸ್ಟ್ರೇಲಿಯಾದ ಮಾವು ಮತ್ತು ಗೇರು ತೋಟಗಳಲ್ಲೂ ಇದನ್ನು ಬಳಸಿ ನೋಡಿದ್ದಾರೆ. ಮಾವಿನಲ್ಲಿ ಜಿಗಿಹುಳ, ಎಲೆ ತಿನ್ನುವ ಹುಳ ಹಿಡಿಯುತ್ತದೆ. ಹಣ್ಣುನೊಣ ಕಾಯಿ ಮೇಲೆ ಕೂತು ಮೊಟ್ಟೆ ಇಡೋದಕ್ಕೆ ಬಿಡುವುದಿಲ್ಲ. ಕಾಯಿ ಒಳಗೆ ಹೋದ ಹುಳಕ್ಕೆ ಮಾತ್ರ ಇದು ಏನೂ ಮಾಡಲಾರದು.

ನಾನು ಮಾಡಿದ ತಪ್ಪು

ನಾಲ್ಕು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ ಪರಿಚಯದವರ ತೋಟದಿಂದ ಆರು ಗೂಡು ಕಡಿದು ತಂದು ನನ್ನ ಆಪೂಸ್ ಮರಗಳಿಗೆ ಕಟ್ಟಿದೆ. ಎರಡು ವಾರ ಇರುವೆ ಜೋರು ಓಡಾಡಿದವು. ಬೇರೆ ಬೇರೆ ಮರದ ಗೂಡು ಒಂದೇ ಕಡೆ ಕಟ್ಟಿದ್ದರಿಂದ ಕಚ್ಚಾಡಿ ಬಹಳಷ್ಟು ಸತ್ತವು. ಉಳಿದವು ಕಡಿಮೆಯಾಗುತ್ತಾ ಹೋಗಿ, ಹೂ ಬಿಡೋ ಹೊತ್ತಿಗೆ ಒಣಗಿದ ಎಲೆ ಉಂಡೆ ಮಾತ್ರ ನೇತಾಡುತ್ತಿದ್ದವು. ಇರುವೆ ಕಾಯುತ್ತವೆ ಅಂತ ನಂಬಿ ಹಣ್ಣುನೊಣದ ಟ್ರ್ಯಾಪ್ ಕೂಡ ಕಟ್ಟಿರಲಿಲ್ಲ. ಆ ವರ್ಷ ಅರ್ಧಕ್ಕರ್ಧ ಹಣ್ಣು ವ್ಯಾಪಾರಿ ತೆಗೆದು ಬದಿಗಿಟ್ಟ.

ಬಾಜೂ ತೋಟದ ಅಜ್ಜ ಬಂದು ಮರ ನೋಡಿ ಹೇಳಿದ್ದು ಒಂದೇ ಮಾತು: "ಮನಿ ತಂದಿ ಖರೆ ತಮ್ಮಾ, ಒಡತಿನ್ನ ಎಲ್ಲಿ ಬಿಟ್ಟ ಬಂದಿ?"

ಒಂದು ಚಗಳಿ ಸಂಸಾರಕ್ಕೆ ಹತ್ತಾರು ಗೂಡು ಇರ್ತಾವೆ. ಸಾಮಾನ್ಯವಾಗಿ ರಾಣಿ ಇರೋದು ಒಂದರಲ್ಲಿ ಮಾತ್ರ, ಅದನ್ನು ಹುಡುಕೋದು ಕಷ್ಟ. ಉಳಿದ ಗೂಡು ತಂದರೆ ಕೆಲಸಗಾರರನ್ನು ಕೆಲ ತಿಂಗಳಿಗೆ ಎರವಲು ತಂದ ಹಾಗೆ. ಸತ್ತವರ ಜಾಗಕ್ಕೆ ಹೊಸಬರು ಹುಟ್ಟುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಹೊರಬಿದ್ದ ಹೊಸ ರಾಣಿಯನ್ನೇ ಹಿಡಿದು ಸಾಕಬೇಕು.

ರಾಣಿಯನ್ನು ಗುರುತಿಸುವುದು

ಮೊದಲ ಮಳೆಗಳ ನಂತರ ರಾತ್ರಿ ದೀಪದ ಕೆಳಗೆ, ಬೆಳಿಗ್ಗೆ ಮಾವಿನ ಎಳೆ ಚಿಗುರಿನ ಮಡಚಿದ ಎಲೆಗಳ ಒಳಗೆ ನೋಡಿ. ಎಲೆ ಸುರುಳಿ ಸುತ್ತಿ ದಾರ ಕಟ್ಟಿ ಮರಕ್ಕೆ ಬಿಟ್ಟರೂ ಅದರೊಳಗೆ ಬಂದು ಕೂರುತ್ತವೆ. ಹಳೇ ಚಗಳಿ ಗೂಡು ಇರುವ ತೋಟದ ಅಂಚಿನ ಮರಗಳಲ್ಲಿ ಸಿಗುವುದು ಹೆಚ್ಚು.

- ಚಗಳಿ ರಾಣಿ: 2 ಸೆಂ.ಮೀ. ಅಥವಾ ಸ್ವಲ್ಪ ಹೆಚ್ಚು ಉದ್ದ. ಹಸಿರಿನಿಂದ ಹಸಿರು-ಕಂದು ಬಣ್ಣ. ಎದೆ ಭಾಗ ಉಬ್ಬಿರುತ್ತದೆ, ಹೊಟ್ಟೆ ದಪ್ಪ. ಕೆಲಸದ ಇರುವೆ ದೊಡ್ಡದಾದರೂ 1 ಸೆಂ.ಮೀ. ಮಾತ್ರ.
- ಗಂಡು: ಸಣ್ಣ, ಕಪ್ಪು, ರೆಕ್ಕೆ ಇದೆ, ತಲೆ ಚಿಕ್ಕದು. ಸಾಕಲು ಪ್ರಯೋಜನ ಇಲ್ಲ.
- ಗೊದ್ದದ ರಾಣಿ: ದೊಡ್ಡದೇ, ಆದರೆ ಕಪ್ಪು. ಇದು ನೆಲದಲ್ಲಿ ಗೂಡು ಮಾಡುವ ಜಾತಿ.
- ಒರಲಿ (ಗೆದ್ದಲು): ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ಇಲ್ಲ, ಮೀಸೆ ನೆಟ್ಟಗೆ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ, ಮೀಸೆ ಮೊಣಕೈ ಹಾಗೆ ಬಾಗಿರುತ್ತದೆ.

ರೆಕ್ಕೆ ಉದುರಿಸಿಕೊಂಡ ರಾಣಿ ಸಿಕ್ಕರೆ ಒಳ್ಳೇದು. ಎದೆಯ ಎರಡೂ ಬದಿಗೆ ರೆಕ್ಕೆ ಕಿತ್ತ ಗುರುತು ಕಾಣುತ್ತದೆ. ಸಾಮಾನ್ಯವಾಗಿ ಅದು ಗಂಡಿನ ಜೊತೆ ಕೂಡಿ ಮೊಟ್ಟೆ ಇಡಲು ಜಾಗ ಹುಡುಕುತ್ತಿರುತ್ತದೆ. ರೆಕ್ಕೆ ಇದ್ದರೆ ಎರಡು-ಮೂರು ದಿನ ಇಟ್ಟು ನೋಡಿ. ಒಂದೇ ಎಲೆಯಲ್ಲಿ ಎರಡು-ಮೂರು ರಾಣಿ ಒಟ್ಟಿಗೆ ಸಿಕ್ಕರೆ ಬೇರೆ ಮಾಡಬೇಡಿ, ಕೂಡಿಯೇ ಮರಿ ಬೆಳೆಸುತ್ತವೆ.

ಮೊದಲ ಒಂದೂವರೆ ತಿಂಗಳು

ಬೆರಳಲ್ಲಿ ಒತ್ತಿ ಹಿಡಿಯಬೇಡಿ. ಮೆತ್ತನೆಯ ಬ್ರಷ್‌ನಿಂದ ದೂಡಿ, ತಾನೇ ನಡೆದು ಹೋಗಲಿ.

ಒಂದು ಗಾಜಿನ ಟೆಸ್ಟ್ ಟ್ಯೂಬ್ ತಗೊಳ್ಳಿ. ಮೂರರಲ್ಲಿ ಒಂದು ಭಾಗ ಶುದ್ಧ ನೀರು ಹಾಕಿ ಹತ್ತಿಯನ್ನು ಬಿಗಿಯಾಗಿ ನೀರಿನ ತನಕ ತುರುಕಿ. ಹತ್ತಿ ಒದ್ದೆ ಆಗಬೇಕು, ನೀರು ಸೋರಬಾರದು. ರಾಣಿಯನ್ನು ಬಿಟ್ಟು, ಬಾಯಿಗೆ ಒಣ ಹತ್ತಿ ಇಟ್ಟು ಮಲಗಿಸಿ. ಹಸಿ ಎಲೆ ಒಳಗೆ ಹಾಕಬೇಡಿ, ಬೂಸ್ಟು ಬರುತ್ತದೆ. ಟ್ಯೂಬಿಗೆ ಬಟ್ಟೆ ಸುತ್ತಿ ಕತ್ತಲಲ್ಲಿ, ಬೆಚ್ಚಗೆ, ಅಲುಗಾಡದ ಜಾಗದಲ್ಲಿಡಿ. ಗಿರಣಿ, ಪಂಪ್‌ಸೆಟ್ ಹತ್ತಿರ ಬೇಡ.

ಊಟ ಕೊಡಬೇಕಾ ಅಂತ ಎಲ್ಲರೂ ಕೇಳ್ತಾರೆ. ಬೇಡ. ಇನ್ನು ಹಾರುವ ಕೆಲಸ ಇಲ್ಲದ್ದರಿಂದ ರೆಕ್ಕೆಯ ಸ್ನಾಯುಗಳನ್ನೂ ಮೈಯಲ್ಲಿನ ಕೊಬ್ಬನ್ನೂ ಕರಗಿಸಿ ಮರಿಗಳಿಗೆ ಉಣಿಸುತ್ತದೆ. ನೀರು ಮಾತ್ರ ಬೇಕು.

ನನ್ನ ಎರಡನೇ ತಪ್ಪು ಇಲ್ಲಿ ಆಯ್ತು. ದಿನಾ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ನೋಡ್ತಿದ್ದೆ. ಗಾಬರಿ ಬಿದ್ದ ರಾಣಿ ತನ್ನ ಮೊಟ್ಟೆ ತಾನೇ ತಿಂತು. ವಾರಕ್ಕೊಮ್ಮೆ, ಅರ್ಧ ನಿಮಿಷ ನೋಡಿದರೆ ಸಾಕು. ನಮ್ಮ ಮಳೆಗಾಲದ ಹವೆಯಲ್ಲಿ ಮೊದಲ ಕೆಲಸಗಾರರು ಬರಲು 5ರಿಂದ 7 ವಾರ ಹಿಡಿಯಿರಿ. ಅವು ಸಣ್ಣವೇ ಇರ್ತಾವೆ, ಹೆದರಬೇಡಿ.

ಬೇಗ ಬೆಳೆಸುವ ಉಪಾಯ

ರಾಣಿ ಮೊಟ್ಟೆ ಇಟ್ಟು ವಾರ ಕಳೆದ ಮೇಲೆ ಬೇರೆ ಚಗಳಿ ಗೂಡಿನಿಂದ ಪ್ಯೂಪಾ ತಂದು ಕೊಡಬಹುದು. ಚಗಳಿ ಪ್ಯೂಪಾಕ್ಕೆ ಗೂಡಿನ ಹೊದಿಕೆ ಇರಲ್ಲ, ಬಿಳಿ ಮೈಗೆ ಮಡಚಿದ ಕಾಲು ಕಾಣುತ್ತವೆ. ಮರಿಹುಳಕ್ಕೆ ಕಾಲಿಲ್ಲ, ಹಾಗೆ ಗುರುತಿಸಿ. 30ರಿಂದ 60 ಪ್ಯೂಪಾ ಸಾಕು. ಹೊಸ ರಾಣಿ ಅವನ್ನು ತನ್ನವೇ ಅಂತ ಸಾಕಿಕೊಳ್ಳುತ್ತದೆ. ಆದರೆ ಜೊತೆಗೆ ದೊಡ್ಡ ಇರುವೆ ಒಂದೇ ಒಂದು ಹೋದರೂ ರಾಣಿಯನ್ನು ಕೊಲ್ಲಬಹುದು. ಎರಡು ಸಲ ನೋಡಿ ಹಾಕಿ.

ಕೆಲಸಗಾರರು ಹುಟ್ಟಿದ ಮೇಲೆ ಊಟ ಶುರು. ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು ಬೆರೆಸಿ ಒಂದು ಹನಿ, ಜೊತೆಗೆ ಹೊಡೆದ ನೊಣ ಅಥವಾ ಸೊಳ್ಳೆಯ ತುಂಡು. ಸ್ಪ್ರೇಯಿಂದ ಸತ್ತ ಹುಳ ಬೇಡ.

ಮರಕ್ಕೆ ಬಿಡುವುದು

ನೂರು ದಾಟುವ ತನಕ ಬಿಡಬೇಡಿ. ಬೇರೆ ಇರುವೆಗಳು ತಿಂದು ಮುಗಿಸುತ್ತವೆ. ಪ್ಯೂಪಾ ಕೊಟ್ಟಿದ್ದರೆ ದಸರಾ, ದೀಪಾವಳಿ ಹೊತ್ತಿಗೆ ತಯಾರಾಗಬಹುದು. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ ಟ್ಯೂಬ್ ಇಟ್ಟು, ಮಳೆ ನೀರು ಒಳಗೆ ಹೋಗದ ಹಾಗೆ ನೆರಳಿನ ಕೊಂಬೆಗೆ ಕಟ್ಟಿ ಬಾಯಿ ತೆರೆಯಿರಿ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರ ಹಚ್ಚಬೇಡಿ. ಬೇರೆ ಚಗಳಿ ಇರುವ ಮರಕ್ಕೆ ಕೊಂಬೆ ತಾಗುತ್ತಿದ್ದರೆ ಸವರಿ. ಸಂಸಾರ ಬೆಳೆದ ಮೇಲೆ ಪಕ್ಕದ ಮರಕ್ಕೆ ಹಗ್ಗ ಕಟ್ಟಿದರೆ ತಾವೇ ದಾಟುತ್ತವೆ.

ಮರ ಕಾಯುವಷ್ಟು ಸೈನ್ಯ ಆಗಲು ಎರಡು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಹಣ್ಣುನೊಣದ ಟ್ರ್ಯಾಪ್ ತೆಗೆಯಬೇಡಿ. ಇಮಿಡಾಕ್ಲೋಪ್ರಿಡ್, ಲ್ಯಾಂಬ್ಡಾ ಸೈಹಲೋಥ್ರಿನ್ ಹೊಡೆಯುವ ತೋಟದಲ್ಲಿ ಈ ಕೆಲಸಕ್ಕೆ ಇಳಿಯಲೇ ಬೇಡಿ, ಇರುವೆ ಉಳಿಯಲ್ಲ.

ಎಲ್ಲಿ ಬೇಡ

ಹಾನಗಲ್ಲ ಮತ್ತು ಶಿಗ್ಗಾಂವಿಯಲ್ಲಿ ಕೊಂಬೆಗೆ ಕೊಂಬೆ ತಾಗುವ ಮಾವಿನ ತೋಟ ಇದ್ದವರಿಗೆ ಇದು ಸರಿ ಹೊಂದುತ್ತದೆ. ಸವಣೂರು, ಹಿರೇಕೆರೂರು ಕಡೆ ಹತ್ತಿ, ಗೋವಿನಜೋಳದ ನಡುವೆ ಬಿಡಿ ಮರ ಇದ್ದವರು ಒಂದೆರಡು ಮರಕ್ಕೆ ಮಾತ್ರ ನೋಡಿ. ಸವಣೂರಿನ ಎಲೆಬಳ್ಳಿ ತೋಟಕ್ಕೆ ಬೇಡವೇ ಬೇಡ. ಎಲೆ ಕೀಳುವ ಹೆಣ್ಣುಮಕ್ಕಳ ಕೈ ಕಚ್ಚಿ ಹಾಕ್ತಾವೆ.

ಚಗಳಿ ಸಿಹಿ ಅಂಟಿಗಾಗಿ ಹಿಟ್ಟುತಿಗಣೆ, ಶಲ್ಕ ಕೀಟಗಳನ್ನು ಕಾಯುತ್ತದೆ ಅನ್ನೋದನ್ನೂ ಮರೆಯಬೇಡಿ. ಎಲೆ ಮೇಲೆ ಕಪ್ಪು ಮಸಿ ಕಂಡರೆ ಆ ಕೊಂಬೆ ಕತ್ತರಿಸಿ. ಕೊಯ್ಲಿನ ದಿನ ಕೊಂಬೆಗೆ ನೀರು ಚಿಮುಕಿಸಿ, ಹತ್ತುವವರು ಕೈಗೆ ಬೂದಿ ಸವರಿಕೊಳ್ಳಲಿ.

ನನ್ನ ತೋಟದಲ್ಲಿ ಈಗ ಒಂದು ರಾಣಿಯ ಸಂಸಾರ ಐದು ಮರ ಹಿಡಿದಿದೆ. ಆ ಐದು ಮರದ ಹಣ್ಣು ಹೋದ ವರ್ಷ ವ್ಯಾಪಾರಿ ಬದಿಗೆ ಇಡಲಿಲ್ಲ. ಉಳಿದ ಮರಗಳಿಗೆ ಈ ಮಳೆಗೆ ಮತ್ತೆ ಟ್ಯೂಬ್ ತೊಳೆದಿಟ್ಟಿದ್ದೇನೆ. ನೀವೂ ನಾಲ್ಕು ಟ್ಯೂಬ್, ಸ್ವಲ್ಪ ಹತ್ತಿ ತಂದಿಟ್ಟುಕೊಳ್ಳಿ. ಮಳೆ ಬಂದ ರಾತ್ರಿ ಅಂಗಳದ ಲೈಟ್ ಒಂದು ತಾಸು ಹಚ್ಚಿ ಬಿಡ್ರಿ, ಬೆಳಿಗ್ಗೆ ಗುಡಿಸೋ ಮುಂಚೆ ಒಮ್ಮೆ ಬಗ್ಗಿ ನೋಡ್ರಿ.