ಹೆಚ್ಚು–ಕಡಿಮೆಗಳ ಗಣಿತ

ಲೋಕವ್ಯವಹಾರದಲ್ಲಿ ಎರಡು ವಸ್ತುಗಳು ಸರಿಸಮನಾಗಿರುವುದು ಅಪರೂಪ. ಅಂಗಡಿಯ ತಕ್ಕಡಿಯನ್ನೇ ನೋಡಬಹುದು. ಅದರ ಮುಳ್ಳು ನಟ್ಟನಡುವೆ ನಿಲ್ಲುವ ಸ್ಥಿತಿ ಒಂದೇ. ಅತ್ತ ಅಥವಾ ಇತ್ತ ವಾಲುವ ಸ್ಥಿತಿಗಳಿಗೆ ಲೆಕ್ಕವಿಲ್ಲ. ಸಮನಾದುದನ್ನು ಹೇಳಲು ಬೀಜಗಣಿತದಲ್ಲಿ ಸಮೀಕರಣವಿದೆ. ಹೆಚ್ಚು ಅಥವಾ ಕಡಿಮೆ ಎಂಬುದನ್ನು ಅಷ್ಟೇ ಖಚಿತವಾಗಿ ಹೇಳುವ ಹೇಳಿಕೆಗೆ ‘ಅಸಮತೆ’ ಎಂದು ಹೆಸರು.

ಈ ವಿಚಾರ ಹಳೆಯದು. ಅದರ ಚಿಹ್ನೆಗಳು ಈಚಿನವು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸನು ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯನ್ನು ಅರಸಿದನು. ವೃತ್ತದ ಒಳಗೂ ಹೊರಗೂ 96 ಭುಜಗಳ ಆಕೃತಿಗಳನ್ನು ಕಲ್ಪಿಸಿ, ಆ ನಿಷ್ಪತ್ತಿಯು 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ ಎಂದು ಸಾಧಿಸಿದನು. ನಿಖರವಾದ ಬೆಲೆ ಕೈಗೆ ಸಿಗದಿದ್ದಾಗಲೂ ಅದನ್ನು ಎರಡು ಎಲ್ಲೆಗಳ ನಡುವೆ ಕಟ್ಟಿಹಾಕಬಹುದೆಂದು ಆತನು ತೋರಿಸಿಕೊಟ್ಟನು. ಇಂದು ಬಳಕೆಯಲ್ಲಿರುವ <, > ಚಿಹ್ನೆಗಳು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಗ್ರಂಥದಲ್ಲಿ, ಆತನು ತೀರಿಕೊಂಡ ಹತ್ತು ವರ್ಷಗಳ ಅನಂತರ, 1631ರಲ್ಲಿ ಅಚ್ಚಾದವು. ಚಿಹ್ನೆಯ ತೆರೆದ ಬಾಯಿ ಯಾವಾಗಲೂ ದೊಡ್ಡ ಸಂಖ್ಯೆಯ ಕಡೆಗಿರುತ್ತದೆ. ಇವುಗಳ ಕೆಳಗೆ ಗೆರೆಯಿದ್ದರೆ ‘ಸಮನಾದರೂ ಸರಿ’ ಎಂಬ ಅರ್ಥವೂ ಸೇರುತ್ತದೆ.

ಈ ಗೆರೆ ಅಲ್ಪವಾದುದಲ್ಲ. 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೆಯ ತಿದ್ದುಪಡಿಯು ಮತದಾರನ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಮತದಾರನ ವಯಸ್ಸು 18ಕ್ಕೆ ಕಡಿಮೆಯಿರಬಾರದು ಎಂಬುದು ನಿಯಮ. ವಯಸ್ಸನ್ನು ‘ಕ್ಷ’ ಎಂದು ಕರೆದರೆ, ಇದನ್ನು ಕ್ಷ ≥ 18 ಎಂದು ಬರೆಯಬೇಕು. ಕ್ಷ > 18 ಎಂದು ಬರೆದರೆ, ಅರ್ಹತೆಯ ದಿನಾಂಕದಂದು ಸರಿಯಾಗಿ ಹದಿನೆಂಟು ತುಂಬಿದ ಪ್ರಜೆಯ ಹಕ್ಕು ಆ ಒಂದು ಗೆರೆಯೊಡನೆ ಅಳಿಸಿಹೋಗುತ್ತದೆ. ‘ಕನಿಷ್ಠ’, ‘ಗರಿಷ್ಠ’, ‘ಮೀರಬಾರದು’, ‘ಕಡಿಮೆಯಿರಬಾರದು’ ಎಂಬ ಮಾತುಗಳು ಎಲ್ಲೆಯನ್ನು ಒಳಗೊಳ್ಳುತ್ತವೆ. ‘ಹೆಚ್ಚು’, ‘ಕಡಿಮೆ’ ಎಂಬ ಬರಿಯ ಮಾತುಗಳು ಒಳಗೊಳ್ಳುವುದಿಲ್ಲ.

ಇನ್ನು ಬಿಡಿಸುವ ಕ್ರಮ. ಒಂದು ದೋಣಿಯು 600 ಕಿಲೋಗ್ರಾಂ ಭಾರವನ್ನು ತಾಳಬಲ್ಲದು ಎಂದು ಭಾವಿಸೋಣ. ಅಂಬಿಗನ ತೂಕ 60 ಕಿಲೋಗ್ರಾಂ. ಪ್ರತಿಯೊಬ್ಬ ಪ್ರಯಾಣಿಕನ ತೂಕ 55 ಕಿಲೋಗ್ರಾಂ. ಎಷ್ಟು ಜನ ಹತ್ತಬಹುದು?

60 + 55ಕ್ಷ ≤ 600

ಎರಡು ಕಡೆಗಳಿಂದಲೂ 60ನ್ನು ಕಳೆದರೆ 55ಕ್ಷ ≤ 540. ಎರಡು ಕಡೆಗಳನ್ನೂ 55ರಿಂದ ಭಾಗಿಸಿದರೆ ಕ್ಷದ ಬೆಲೆ ಸುಮಾರು 9.8ನ್ನು ಮೀರಬಾರದು. ಸಾಮಾನ್ಯ ಲೆಕ್ಕದಲ್ಲಿ 9.8ನ್ನು ಹತ್ತೆಂದು ಹಿಡಿಯುವುದುಂಟು. ಇಲ್ಲಿ ಹಾಗೆ ಹಿಡಿದರೆ ಭಾರವು 610 ಕಿಲೋಗ್ರಾಂ ಆಗುತ್ತದೆ. ದೋಣಿ ಅಪಾಯಕ್ಕೆ ಸಿಲುಕುತ್ತದೆ. ಆದುದರಿಂದ ಉತ್ತರ ಒಂಬತ್ತು. ಹತ್ತನೆಯವನು ಎಷ್ಟೇ ಅವಸರದಲ್ಲಿದ್ದರೂ ದಡದಲ್ಲಿಯೇ ಕಾಯಬೇಕು.

ಕೂಡುವುದು, ಕಳೆಯುವುದು, ಧನಸಂಖ್ಯೆಯಿಂದ ಗುಣಿಸುವುದು, ಭಾಗಿಸುವುದು—ಇವುಗಳಿಂದ ಅಸಮತೆಯ ದಿಕ್ಕು ಬದಲಾಗದು. ಋಣಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಮಾತ್ರ ಚಿಹ್ನೆ ತಿರುಗಿ ನಿಲ್ಲುತ್ತದೆ. ಇದರ ಕಾರಣವನ್ನು ತಿಳಿಯಲು ಬ್ರಹ್ಮಗುಪ್ತನ ಶಬ್ದಗಳೇ ಸಾಕು. ಕ್ರಿ.ಶ. 628ರ ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಆತನು ಇಂಥ ಸಂಖ್ಯೆಗಳನ್ನು ‘ಧನ’, ‘ಋಣ’ ಎಂದು ಕರೆದು ನಿಯಮಗಳನ್ನು ಹೇಳಿದ್ದಾನೆ. ಎರಡು ರೂಪಾಯಿಗಿಂತ ಐದು ರೂಪಾಯಿ ಹೆಚ್ಚು. ಆದರೆ ಐದು ರೂಪಾಯಿ ಸಾಲವುಳ್ಳವನಿಗಿಂತ ಎರಡು ರೂಪಾಯಿ ಸಾಲವುಳ್ಳವನ ಸ್ಥಿತಿ ಮೇಲು. ಅಂದರೆ 2 < 5 ಆದರೂ –2 > –5.

ಬೇಸಗೆಯಲ್ಲಿ ಒಂದು ಮನೆಯ ತೊಟ್ಟಿಯಲ್ಲಿ 1000 ಲೀಟರ್ ನೀರಿದೆ. ದಿನಕ್ಕೆ 40 ಲೀಟರ್ ಖರ್ಚು. ಆಪತ್ಕಾಲಕ್ಕೆಂದು ಕನಿಷ್ಠ 200 ಲೀಟರ್ ಉಳಿದಿರಬೇಕು. ಎಷ್ಟು ದಿನ ನೀರನ್ನು ಬಳಸಬಹುದು?

1000 – 40ಕ್ಷ ≥ 200
–40ಕ್ಷ ≥ –800
ಕ್ಷ ≤ 20

ಕೊನೆಯ ಹಂತದಲ್ಲಿ –40ರಿಂದ ಭಾಗಿಸಿದ್ದರಿಂದ ಚಿಹ್ನೆ ತಿರುಗಿತು. ಇದನ್ನು ಮರೆತು ಕ್ಷ ≥ 20 ಎಂದು ಬರೆದರೆ, ಕನಿಷ್ಠ ಇಪ್ಪತ್ತು ದಿನ ಬಳಸಿದರೇ ನೀರು ಉಳಿಯುತ್ತದೆ ಎಂಬ ವಿಪರೀತಾರ್ಥ ಬರುತ್ತದೆ. ಒಂದು ಬೆಲೆಯನ್ನಿಟ್ಟು ಪರೀಕ್ಷಿಸಿದರೆ ತಪ್ಪು ಹೊರಬೀಳುತ್ತದೆ: 21ನೆಯ ದಿನದ ಕೊನೆಗೆ ಉಳಿಯುವುದು 160 ಲೀಟರ್ ಮಾತ್ರ.

ಅಸಮತೆಯ ಉತ್ತರವನ್ನು ಸಂಖ್ಯಾರೇಖೆಯ ಮೇಲೆ ಚಿತ್ರಿಸಿದರೆ ಅದು ಒಮ್ಮೆಗೇ ಕಣ್ಣಿಗೆ ಗೋಚರಿಸುತ್ತದೆ. ಎಲ್ಲೆಯು ಉತ್ತರದಲ್ಲಿ ಸೇರಿದ್ದರೆ ತುಂಬಿದ ಚುಕ್ಕೆ. ಸೇರದಿದ್ದರೆ ಒಳಗೆ ಬರಿದಾದ ಸಣ್ಣ ವೃತ್ತ. ಕ್ಷ ≥ 18 ಎಂಬುದಕ್ಕೆ 18ರ ಮೇಲೆ ತುಂಬಿದ ಚುಕ್ಕೆಯನ್ನಿಟ್ಟು ಬಲಕ್ಕೆ ದಪ್ಪ ಗೆರೆಯನ್ನು ಎಳೆಯಬೇಕು. ತೊಟ್ಟಿಯ ಲೆಕ್ಕಕ್ಕೆ ಸೊನ್ನೆಯಿಂದ 20ರವರೆಗೆ ಅಖಂಡವಾದ ಗೆರೆ ಸಲ್ಲುತ್ತದೆ. ಏಕೆಂದರೆ ಕಾಲವು ಎಡೆಬಿಡದೆ ಹರಿಯುತ್ತದೆ. ದೋಣಿಯ ಲೆಕ್ಕಕ್ಕೆ ಗೆರೆ ಸಲ್ಲದು. ಜನರನ್ನು ಭಿನ್ನರಾಶಿಯಲ್ಲಿ ಎಣಿಸಲಾಗದು. 0ಯಿಂದ 9ರವರೆಗೆ ಹತ್ತು ಬಿಡಿ ಚುಕ್ಕೆಗಳಷ್ಟೇ ಅಲ್ಲಿರಬೇಕು.

ಈ ಪಾಠದ ಸಮೀಕರಣಗಳಿಗೆ ಒಂದೊಂದೇ ಉತ್ತರವಿದ್ದರೆ, ಅಸಮತೆಗೆ ಹಲವು ಉತ್ತರಗಳುಂಟು. ಇಪ್ಪತ್ತು ದಿನಗಳೊಳಗೆ ಎಷ್ಟು ದಿನ ನೀರು ಬಳಸಬೇಕೆಂಬುದು ಮನೆಯವರ ಇಚ್ಛೆ. ಇಪ್ಪತ್ತನ್ನು ದಾಟಬಾರದೆಂಬುದು ಗಣಿತದ ಮಾತು. ಸೇತುವೆಯ ಭಾರಮಿತಿ, ಔಷಧದ ಪ್ರಮಾಣ, ವಾಹನದ ವೇಗ—ಎಲ್ಲವೂ ಇಂಥ ಮಾತುಗಳೇ. ಎಲ್ಲೆ ಯಾವುದೆಂದು ಅರಿತವನು ಅದರೊಳಗೆ ನಿರ್ಭಯವಾಗಿ ನಡೆಯಬಲ್ಲನು.

ಅಭ್ಯಾಸ

1. ಆರ್ಕಿಮಿಡೀಸನು ವೃತ್ತದ ನಿಷ್ಪತ್ತಿಯನ್ನು ಯಾವ ಎಲ್ಲೆಗಳ ನಡುವೆ ನಿಲ್ಲಿಸಿದನು?
2. ದೋಣಿಯ ಲೆಕ್ಕದಲ್ಲಿ 9.8ನ್ನು ಹತ್ತೆಂದು ಏಕೆ ಹಿಡಿಯಬಾರದು?
3. 50 – 5ಕ್ಷ ≥ 20 ಎಂಬುದನ್ನು ಬಿಡಿಸಿ, ಉತ್ತರವನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಿ.