‘ತಿನ್ನು’, ‘ಖಾಣೆ’, ‘ಈಟ್’: ವಾಚ್ಯಾರ್ಥ ಮತ್ತು ಲಕ್ಷ್ಯಾರ್ಥ

ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಯು ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡಿ, ಪರೀಕ್ಷೆಯಲ್ಲಿ ಇಂಗ್ಲಿಷನ್ನು ಬರೆಯಬೇಕಾಗುತ್ತದೆ. ಆತನನ್ನು ಅನುವಾದದಲ್ಲಿ ಮೋಸಗೊಳಿಸುವವು ಕಠಿಣ ಶಬ್ದಗಳಲ್ಲ. ಕಠಿಣ ಶಬ್ದಕ್ಕೆ ನಿಘಂಟನ್ನಾದರೂ ತೆರೆಯುತ್ತಾನೆ. ‘ಈಟ್’ನಂಥ ಸರಳ ಕ್ರಿಯಾಪದಕ್ಕೆ ನಿಘಂಟನ್ನು ತೆರೆಯುವವರು ಯಾರು?

ಇಂಗ್ಲಿಷಿನ ‘ಈಟ್’ ಸಂಸ್ಕೃತದ ‘ಅದ್’ ಧಾತುವಿನ ಬಳಗಕ್ಕೆ ಸೇರಿದುದು. ‘ಅನ್ನ’ ಎಂಬ ಶಬ್ದವೂ ಆ ಧಾತುವಿನಿಂದಲೇ ಹುಟ್ಟಿದೆ. ಮರಾಠಿಯ ‘ಖಾಣೆ’ಗೆ ‘ಖಾದ್’ ಧಾತು ಮೂಲ. ‘ತಿನ್ನು’ ಅಚ್ಚ ದ್ರಾವಿಡ. ತಮಿಳಿನ ‘ತಿನ್’, ತೆಲುಗಿನ ‘ತಿನು’ ಅದರ ಒಡಹುಟ್ಟುಗಳು. ವಂಶಾವಳಿಯಂತೆ ಮರಾಠಿಯು ಇಂಗ್ಲಿಷಿಗೆ ದೂರದ ನೆಂಟನಾದರೂ ಬಳಕೆಯಲ್ಲಿ ಅದು ನಿಲ್ಲುವುದು ಕನ್ನಡದ ಮಗ್ಗುಲಲ್ಲಿ. ರಕ್ತಸಂಬಂಧಕ್ಕಿಂತ ನೆರೆಹೊರೆಯೇ ಇಲ್ಲಿ ಬಲವಾಗಿದೆ.

ವಾಚ್ಯಾರ್ಥದಲ್ಲಿಯೇ ಇದು ಕಾಣುತ್ತದೆ. ಕನ್ನಡದಲ್ಲಿ ರೊಟ್ಟಿ-ಪಲ್ಯವನ್ನು ಉಣ್ಣುತ್ತಾರೆ, ಚುರುಮುರಿಯನ್ನು ತಿನ್ನುತ್ತಾರೆ. ಮರಾಠಿಯಲ್ಲಿಯೂ ‘ಜೇವಣೆ’ ಬೇರೆ, ‘ಖಾಣೆ’ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಈಟ್’ ಒಂದೇ ಸಾಕು. ಮನೆಗೆ ಬಂದ ಹಿರಿಯರನ್ನು ‘ಉಂಡಿರೇನು?’ ಎಂದು ಕೇಳುವ ಬದಲು ‘ತಿಂದಿರೇನು?’ ಎಂದರೆ ಅನುವಾದ ಸರಿಯಾದರೂ ಮರ್ಯಾದೆ ಕೆಡುತ್ತದೆ.

ಲಕ್ಷ್ಯಾರ್ಥದಲ್ಲಿ ಅಂತರ ಇನ್ನೂ ಹಿರಿದು. ‘ಪೆಟ್ಟು ತಿಂದನು’ ಎಂಬಲ್ಲಿ ಕರ್ತೃವು ಮಾಡುವವನಲ್ಲ, ಅನುಭವಿಸುವವನು. ಮರಾಠಿಯ ‘ಮಾರ್ ಖಾಣೆ’ಯೂ ಹಾಗೆಯೇ. ಇಂಗ್ಲಿಷಿನಲ್ಲಿ ಪೆಟ್ಟನ್ನು ತಿನ್ನಲಾಗದು. ಅಲ್ಲಿ ‘ಟೇಕ್’ ಅಥವಾ ‘ಗೆಟ್’ ಬೇಕು. (ವ್ಯಾಪಾರದ ನಷ್ಟವನ್ನು ತಾನೇ ಹೊರುವುದಕ್ಕೆ ಮಾತ್ರ ‘ಈಟ್ ದ ಲಾಸ್’ ಎಂಬ ಪ್ರಯೋಗವುಂಟು.) ತಲೆ ತಿನ್ನುವವನು ‘ಡೋಕೆ ಖಾಣಾರಾ’ ಆಗುತ್ತಾನೆ, ದುಡ್ಡು ತಿಂದವನು ‘ಪೈಸೆ ಖಾಣಾರಾ’, ಇವರಿಬ್ಬರೂ ಇಂಗ್ಲಿಷಿನ ಗಡಿಯಲ್ಲಿ ನಿಲ್ಲಬೇಕು. ಮರಾಠಿಯ ‘ಭಾವ್ ಖಾಣೆ’ಯಾದರೋ ಕನ್ನಡದ ಗಡಿಯಲ್ಲಿಯೇ ನಿಲ್ಲುತ್ತದೆ, ಅದು ನಮ್ಮಲ್ಲಿ ‘ಬಿಂಕ ತೋರಿಸು’ ಎಂದಾಗಬೇಕು.

ಮೂರೂ ಭಾಷೆಗಳು ಕೂಡುವ ತಾಣಗಳಿಲ್ಲದಿಲ್ಲ. ಚಿಂತೆ ಮನುಷ್ಯನನ್ನು ತಿನ್ನುವುದು, ತುಕ್ಕು ಕಬ್ಬಿಣವನ್ನು ತಿನ್ನುವುದು ಇಂಗ್ಲಿಷಿಗೂ ಒಗ್ಗಿದ ಮಾತುಗಳು.

ಅತಿ ಅಪಾಯಕಾರಿಯಾದುದು ‘ಈಟ್ ಒನ್ಸ್ ವರ್ಡ್ಸ್’. ಇದನ್ನು ‘ಮಾತು ನುಂಗಿದನು’ ಎಂದು ಬರೆಯುವ ರೂಢಿ ಬಹಳ. ಆದರೆ ಇಂಗ್ಲಿಷಿನವನು ಆಡಿದ ಮಾತು ತಪ್ಪೆಂದು ಒಪ್ಪಿ ಹಿಂತೆಗೆದುಕೊಂಡಿದ್ದಾನೆ; ಕನ್ನಡದವನು ಬಾಯಿಗೆ ಬಂದ ಮಾತನ್ನು ಆಡಲೇ ಇಲ್ಲ. ಇದೇ ವಾಕ್ಯ ಸಾಕ್ಷಿಯೊಬ್ಬನನ್ನು ಕುರಿತ ವರದಿಯಲ್ಲಿ ಬಂದಿತೆನ್ನೋಣ. ಹೇಳಿಕೆಯನ್ನು ಬದಲಿಸಿದವನು ಅನುವಾದದಲ್ಲಿ ಮೌನವಾಗಿದ್ದವನಾಗುತ್ತಾನೆ. ಓದುಗನಿಗೆ ಅಂಥದೊಂದು ಹೇಳಿಕೆ ಇತ್ತೆಂಬುದೇ ತಿಳಿಯದೆ ಹೋಗುತ್ತದೆ. ಇಲ್ಲಿ ‘ಆಡಿದ ಮಾತನ್ನು ಹಿಂದಕ್ಕೆ ಪಡೆದನು’ ಎಂದೇ ಬರೆಯಬೇಕು. ಅಲಂಕಾರ ಹೋದರೂ ಚಿಂತೆಯಿಲ್ಲ, ಅರ್ಥ ಉಳಿಯುತ್ತದೆ.